ಹಳದಿ ಇಲ್ಲದ ಗಡಿಯಾರ

‘ಆಟ ಆಗಿದ್ರೆ ಹಳದಿ ಹಚ್ತಿದ್ದೆ, ಮಮ್ಮಿ.’

ಒಂಬತ್ತು ವರ್ಷದ ಹುಡುಗಿ ಹೇಳಿದ್ದು ಇಷ್ಟೇ. ಅವಳ ಶಾಲೆ ಅಲ್ಲಿಗೆ ಮುಗಿಯಿತು. ಅದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನನ್ನ ಹೆಂಡತಿಯ ತಂಗಿ ಶೈಲಜಾ ಸೂರತ್‌ನಲ್ಲಿದ್ದಾಳೆ. ಗಂಡನಿಗೆ ಬ್ಯಾಂಕಿನ ಟ್ರಾನ್ಸ್‌ಫರ್. ದಾವಣಗೆರೆಯಲ್ಲಿ ಟೀಚರ್ ಆಗಿದ್ದವಳು ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಊರ ಹೊರಗೆ ಸಚಿನ್ ಎಂಬ ಕೈಗಾರಿಕಾ ಪ್ರದೇಶವಿದೆ, ಅಲ್ಲಿನ ಸಣ್ಣದೊಂದು ಹಿಂದಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತಾಳೆ. ಫ್ಯಾಕ್ಟರಿ ಕೆಲಸಕ್ಕೆಂದು ದೂರದ ಊರುಗಳಿಂದ ಬಂದವರ ಮಕ್ಕಳೇ ಅಲ್ಲಿ ಹೆಚ್ಚು.

‘ಭಾವ, ಸ್ಕೂಲಲ್ಲಿ ಎಕ್ಸಿಬಿಷನ್ ಇದೆ, ಬರ್ಲೇಬೇಕು’ ಎಂದು ಫೋನ್ ಮಾಡಿದಳು. ‘ನೀವು ಪೇಪರಿನವರು ಕರೆದ್ರೆ ಬರಲ್ಲ, ಕರೀದೇ ಇದ್ರೆ ಬಂದು ನಿಂತಿರ್ತೀರ.’

ನಾನು ಕೆಲಸದಲ್ಲಿರುವ ಅಹಮದಾಬಾದಿನಿಂದ ಬೆಳಗಿನ ರೈಲು ಹಿಡಿದು ಹೋದೆ.

ವಿಷಯಗಳನ್ನು ಬೇರೆ ಬೇರೆ ಪೀರಿಯಡ್‌ಗಳಲ್ಲಿ ಕಟ್ಟಿಹಾಕಬೇಡಿ, ಒಟ್ಟಿಗೆ ಕಲಿಸಿ ಎಂದು ಈಗ ಶಿಕ್ಷಕರಿಗೆ ಹೇಳುತ್ತಾರೆ. ಒಳ್ಳೆಯ ಮಾತೇ. (ನಮ್ಮ ಕಾಲದಲ್ಲಿ ಗಣಿತದ ಮೇಷ್ಟ್ರು ಕಾಗುಣಿತ ತಿದ್ದಿದರೆ ಕನ್ನಡ ಮೇಷ್ಟ್ರು ಮುಖ ಗಂಟಿಕ್ಕುತ್ತಿದ್ದರು.) ಶೈಲಜಾ ಆರಿಸಿಕೊಂಡ ಚಟುವಟಿಕೆ ‘ನನ್ನ ದಿನದ ಗಡಿಯಾರ’. ಒಂದು ವೃತ್ತ, ಅದರಲ್ಲಿ ಇಪ್ಪತ್ನಾಲ್ಕು ಮನೆ. ನಿದ್ದೆಗೆ ನೀಲಿ, ಶಾಲೆಗೆ ಹಸಿರು, ಆಟಕ್ಕೆ ಹಳದಿ, ಕೆಲಸಕ್ಕೆ ಕೆಂಪು, ಊಟ ಸ್ನಾನಕ್ಕೆಲ್ಲ ಬಿಳಿ. ಮನೆ ಎಣಿಸಿ ಭಿನ್ನರಾಶಿ ಬರೆದರೆ ಗಣಿತ. ಬಣ್ಣ ಹಚ್ಚಿದರೆ ಚಿತ್ರಕಲೆ. ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಹೇಳಿದರೆ ಪರಿಸರ ಅಧ್ಯಯನ. ಕೆಳಗೆ ನಾಲ್ಕು ಸಾಲು ಬರೆದರೆ ಭಾಷೆ.

ಒಂದೇ ನಿಯಮ: ನಿಜ ಬರೆಯಬೇಕು. ನಿಜ ಬರೆದವರಿಗೆ ಒಂದು ಸ್ಟಾರ್.

ಗೋಡೆಯ ತುಂಬ ಗಡಿಯಾರಗಳು. ಹೆಚ್ಚಿನವು ಒಂದರಂತೆ ಒಂದು. ಪಿಂಕಿ ಎಂಬ ಹುಡುಗಿಯದರ ಮುಂದೆ ನಾನು ನಿಂತೆ. ನೀಲಿ ಎಂಟು ಮನೆ. ಹಸಿರು ಆರು. ಬಿಳಿ ನಾಲ್ಕು. ಉಳಿದ ಆರೂ ಕೆಂಪು. ಹಳದಿ ಇಲ್ಲವೇ ಇಲ್ಲ. ಕೆಳಗೆ ಹಿಂದಿಯಲ್ಲಿ ಹೀಗಿತ್ತು: ‘ನಾವು ಸೀರೆಗೆ ಹರಳು ಅಂಟಿಸುತ್ತೇವೆ. ನನ್ನ ಬೆರಳು ಸಣ್ಣ. ಅದಕ್ಕೇ ಅಂಚಿನ ಹರಳು ನನಗೇ ಕೊಡುತ್ತಾರೆ.’

ಪಕ್ಕದಲ್ಲಿ ಸ್ಟಾರ್ ಮಿನುಗುತ್ತಿತ್ತು.

ಹುಡುಗಿ ಗಡಿಯಾರದ ಕೆಳಗೇ ನಿಂತಿದ್ದಳು. ಎರಡು ಜಡೆ, ಬೆರಳ ತುದಿಗಳಲ್ಲಿ ಒಣಗಿದ ಗೋಂದು. ‘ಕೆಂಪು ಯಾರ ಕೆಲಸ? ಅಮ್ಮಂದಾ?’ ಎಂದು ಹಿಂದಿಯಲ್ಲಿ ಕೇಳಿದೆ.

‘ಅಲ್ಲ, ನಂದು.’

ಕೇಳಿದ್ದನ್ನು ಎರಡನೇ ಸಲ ಕೇಳಿ ಖಚಿತ ಮಾಡಿಕೊಳ್ಳುವುದು ನಮ್ಮ ವೃತ್ತಿಯ ಮೊದಲ ಪಾಠ. ‘ಆರು ಗಂಟೆ, ನೀನೇ? ದಿನಾನೂ?’ ಎಂದೆ. ಸ್ವಲ್ಪ ಜೋರಾಗಿಯೇ ಎಂದೆ, ಸುತ್ತ ಗದ್ದಲವಿತ್ತು.

‘ಬೆಳಿಗ್ಗೆ ಎರಡು, ಸಂಜೆ ನಾಲ್ಕು. ಭಾನುವಾರ ಜಾಸ್ತಿ.’

ಪ್ರದರ್ಶನ ನೋಡಲು ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಪಕ್ಕದ ಗಡಿಯಾರದ ಬಳಿ ಇದ್ದರು. ತಿರುಗಿದರು. ಜೇಬಿನಿಂದ ಪುಸ್ತಕ ತೆಗೆದರು. ಪೆನ್ನು ಕಂಡದ್ದೇ, ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದಳು. ತಾಯಿ.

‘ಮಗು, ಸಾಹೇಬ್ರೆ. ಏನೋ ಬಾಯಿಗೆ ಬಂದಿದ್ದು ಹೇಳ್ತಾಳೆ. ನಾನು ಕೆಲಸ ಮಾಡ್ವಾಗ ಪಕ್ಕದಲ್ಲಿ ಕೂತು ಹರಳಲ್ಲಿ ಆಟ ಆಡ್ತಾಳೆ, ಅಷ್ಟೆ.’

ಆಗ ಪಿಂಕಿ ಅಂದಳು: ‘ಆಟ ಆಗಿದ್ರೆ ಹಳದಿ ಹಚ್ತಿದ್ದೆ, ಮಮ್ಮಿ.’

ಯಾರೂ ನಗಲಿಲ್ಲ. ಅವಳ ಲೆಕ್ಕ ಸರಿಯಿತ್ತು, ಬಣ್ಣ ಸರಿಯಿತ್ತು, ಭಾಷೆ ಸರಿಯಿತ್ತು. ತಾಯಿ ಅವಳ ತೋಳು ಹಿಡಿದುಕೊಂಡು ಹೊರಗೆ ನಡೆದಳು.

ಸೋಮವಾರ ಪಿಂಕಿ ಬರಲಿಲ್ಲ. ಮಂಗಳವಾರವೂ ಇಲ್ಲ. ಗುರುವಾರ ಶೈಲಜಾ ಪಿಂಕಿಯ ಮನೆ ಹುಡುಕಿಕೊಂಡು ಹೋದಳು. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಒಳಗೆ ಕರೆಯಲಿಲ್ಲ.

‘ನೀವೇನಾ ಆ ಟೀಚರು? ಸಾಹೇಬ್ರು ಬರ್ಕೊಂಡು ಹೋದ್ರಂತ ಸುದ್ದಿ ಬಂತು. ಮನೆಮನೆಗೆ ಕೆಲಸ ಹಂಚೋ ಠೇಕೇದಾರ ಅವತ್ತಿಂದ ಈ ಗಲ್ಲಿಗೇ ಸೀರೆ ಕೊಡ್ತಿಲ್ಲ. ಎಲ್ರೂ ಸೇರಿ ಅವರಮ್ಮಂಗೆ ಬೈದ್ವಿ. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ್ರು.’

‘ಎಲ್ಲಿಗೆ?’

‘ಸೀರೆ ಸಿಗೋ ಕಡೆ. ನಿಮ್ಮ ಸ್ಟಾರಿಂದ ರೊಟ್ಟಿ ಬೇಯುತ್ತಾ ಮೇಡಂ?’

ಅಧಿಕಾರಿಯ ಪುಸ್ತಕದಿಂದ ಯಾವ ಕ್ರಮವೂ ಹೊರಬಂದದ್ದು ನನಗೆ ತಿಳಿದಿಲ್ಲ. ನಾನು ಅವರಿಗೆ ಎರಡು ಸಲ ಫೋನ್ ಮಾಡಿದೆ. ಶಾಲೆ ತಮ್ಮ ಇಲಾಖೆಗೆ, ಕೆಲಸ ಇನ್ನೊಂದು ಇಲಾಖೆಗೆ ಸೇರುತ್ತದೆ ಎಂದರು. (ಮಕ್ಕಳಿಗೆ ಮಾತ್ರ ಎಲ್ಲವನ್ನೂ ಜೋಡಿಸಿ ಕಲಿಸಬೇಕು.) ಹೆಡ್‌ಮಾಸ್ತರರು ಶೈಲಜಾಗೆ ಬೈಯಲಿಲ್ಲ. ಮುಂದಿನ ಸಲ ಗಡಿಯಾರವನ್ನು ಟೀಚರೇ ಬೋರ್ಡಿನ ಮೇಲೆ ಬರೆಯಲಿ, ಮಕ್ಕಳು ನೋಡಿ ನಕಲು ಮಾಡಲಿ ಎಂದರು. ಹಳದಿ ನಾಲ್ಕು ಮನೆ ಇರಲಿ ಎಂದೂ ಸೇರಿಸಿದರಂತೆ.

ಬಾಲಕಿ ದುಡಿಯುವುದು ತಪ್ಪು. ಅದನ್ನು ಮುಚ್ಚಿಡುವುದೂ ತಪ್ಪು. ಹಾಗಾದರೆ ನಿಜ ಹೇಳಿದ ಮೇಲೆ ಅವಳಿಗೇನು ಎಂದು ನಾವು ಮೂವರು ದೊಡ್ಡವರಲ್ಲಿ, ಟೀಚರು, ಅಧಿಕಾರಿ, ಪತ್ರಕರ್ತ, ಒಬ್ಬರಾದರೂ ಯೋಚಿಸಿದ್ದೆವೆ? ಇಲ್ಲ. ನಮ್ಮ ನಮ್ಮ ಪೀರಿಯಡ್ ಮುಗಿಸಿಕೊಂಡು ಎದ್ದು ಬಂದೆವು.

ಮೊನ್ನೆ ಶೈಲಜಾ ಫೋನ್ ಮಾಡಿದಳು. ಎಂದಿನ ತಮಾಷೆ ಇರಲಿಲ್ಲ.

‘ಅವಳ ಗಡಿಯಾರ ನನ್ನ ಹತ್ರಾನೇ ಇದೆ ಭಾವ. ಆ ಆರು ಹಸಿರು ಮನೆಗೆ ಈಗ ಯಾವ ಬಣ್ಣ ಬಂದಿರುತ್ತೆ?’