ಉಗುರು ನಿಲ್ಲುವ ಜಾಗ

ನನ್ನ ಮಾವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಅದು ಅವರಿಗೆ ಕಸುಬು ಕಲಿಸಿದ ಗುಣ. ಮನೆಗಳಲ್ಲಿ, ದೋಣಿಗಳಲ್ಲಿ ಹಾಳಾದ ಅಮೃತಶಿಲೆಯನ್ನು ಸರಿಮಾಡುವುದು ಅವರ ಕೆಲಸ. ಕಲೆ ತೆಗೆಯಬೇಕಾದರೆ ಅಲ್ಲಿ ಬಿದ್ದದ್ದು ಏನೆಂದು ಮೊದಲು ತಿಳಿಯಬೇಕು. ಎಣ್ಣೆಗೆ ಒಂದು ಮದ್ದು, ತುಕ್ಕಿಗೆ ಇನ್ನೊಂದು. ಹುಳಿ ತಿಂದುಹಾಕಿದ ಜಾಗಕ್ಕೆ ಮದ್ದೇ ಇಲ್ಲ, ಉಜ್ಜಿಯೇ ತೀರಬೇಕು. ಆದರೆ ಮನೆಯವರು ನಿಜ ಹೇಳುವುದಿಲ್ಲ. ಯಜಮಾನಿ ಕೆಲಸದವಳನ್ನು ತೋರಿಸುತ್ತಾಳೆ, ಕೆಲಸದವಳು ಮಕ್ಕಳನ್ನು, ಮಕ್ಕಳು ಬೆಕ್ಕನ್ನು. ಹೀಗಾಗಿ ಮಾವ ಎಲ್ಲಿಗೆ ಹೋದರೂ ಚೀಲ ಕೆಳಗಿಡುವ ಮೊದಲೇ ವಿಚಾರಣೆ ಶುರು ಮಾಡುತ್ತಾರೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಹಾಲ್‌ನ ನೆಲದ ಮೇಲೆ ಲೋಟದ ಬುಡದಷ್ಟು ಅಗಲದ ಮಂಕು ಉಂಗುರವೊಂದು ಮೂಡಿತ್ತು. ಮಾವ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ, ಕಿಟಕಿಯ ಬೆಳಕಿಗೆ ಎದುರಾಗಿ ಕಣ್ಣಿಟ್ಟರು.

"ನಿಂಬೆ ಶರಬತ್ತು," ಎಂದರು. "ಲೋಟ ತುಂಬಿ ತುಳುಕಿದೆ. ಕುರ್ಚಿಯ ಎಡಗಡೆ ಇಟ್ಟಿದ್ದಾರೆ. ಅಂದ್ರೆ ಎಡಗೈಯವರು."

ನನ್ನ ಗಂಡ ಎಡಗೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಅನುಮಾನದ ವಿಷಯದಲ್ಲಿ ನಾನೂ ಕಮ್ಮಿಯವಳಲ್ಲ. ಪುಟ್ಟಿ ಹುಟ್ಟಿದ ಮೇಲಂತೂ ಹಾಲಿನ ಪೊಟ್ಟಣದಿಂದ ಹಿಡಿದು ಪಕ್ಕದ ಮನೆಯವರ ಕೆಮ್ಮಿನವರೆಗೆ ನನ್ನ ಕಣ್ಣಿಗೆ ಎಲ್ಲವೂ ಅಪರಾಧಿಗಳೇ. ಅವಳಿಗೆ ಒಂದೂವರೆ ವರ್ಷವಾದಾಗ ನಾನು ಮತ್ತೆ ಆಫೀಸಿಗೆ ಹೋಗತೊಡಗಿದೆ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆಗೇ ಇದ್ದರು. ಕೆಲಸ ಕಡಿಮೆ ಮಾಡಿದ್ದೇನೆ, ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರು. ಗಂಡ ಸಲೀಸಾಗಿ ಒಪ್ಪಿದ. ನಾನು ತಲೆಯಾಡಿಸಿದೆ, ಅಷ್ಟೇ. ನಮ್ಮ ಬೀದಿಯ ಕೊನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಯಿತ್ತು. ಅಲ್ಲಿ ಒಂದು ಜಾಗ ಖಾಲಿಯಿದೆ, ಈ ವಾರದೊಳಗೆ ತಿಳಿಸಿ ಎಂದಿದ್ದರು. ಪುಟ್ಟಿಯನ್ನು ಇನ್ನು ಮುಂದೆಯೂ ಮಾವನ ಕೈಗೆ ಬಿಡಬಹುದೋ ಬಾರದೋ ಎಂಬುದು ಆ ವಾರವೆಲ್ಲ ನನ್ನ ತಲೆ ತಿನ್ನುತ್ತಿತ್ತು.

ಯಾಕೆಂದರೆ ಏನೋ ಸರಿಯಿರಲಿಲ್ಲ.

ಮೊದಲನೆಯದು, ಲೋಟಗಳು. ಮಾವನ ಕೈಯಿಂದ ಲೋಟ ಜಾರುತ್ತಿತ್ತು. ಒಮ್ಮೆ ಒಲೆಯ ಮೇಲಿದ್ದ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತಿ ಮೇಜಿನ ಮೇಲಿಟ್ಟು, ಆಮೇಲೆ ಕೆಂಪಾದ ಬೆರಳನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿಕೊಂಡರು. ಎರಡನೆಯದು, ವಾಸನೆ. ಸಂಜೆ ನಾನು ಬರುವಾಗ ಅವರ ಅಂಗಿಯಿಂದ ಮೂಗಿಗೆ ಚುರುಕು ಮುಟ್ಟಿಸುವ ಘಾಟು ಬರುತ್ತಿತ್ತು.

"ನಿಮ್ಮಪ್ಪ ಕುಡೀತಾರಾ?" ಎಂದು ಗಂಡನನ್ನು ಕೇಳಿದೆ.

"ನಮ್ಮಪ್ಪನಾ? ಶರಬತ್ತನ್ನೂ ವಿಚಾರಣೆ ಮಾಡ್ದೆ ಕುಡಿಯೋರಲ್ಲ ಕಣೇ," ಎಂದು ನಕ್ಕ. "ನೀನು ಸುಮ್ಸುಮ್ನೆ ತಲೆ ಕೆಡಿಸ್ಕೋಬೇಡ."

ಹಾಗೆ ಹೇಳಿಸಿಕೊಂಡಾಗಲೇ ನನ್ನ ತಲೆ ಪೂರ್ತಿ ಕೆಡುವುದು. ಇನ್ನಷ್ಟು ಗಮನಿಸಿದೆ. ಮಾವನ ಬಲ ತೋಳಿನ ಬಟ್ಟೆ ಮೊಣಕೈ ಹತ್ತಿರ ದಿನವೂ ಒದ್ದೆ. ಪುಟ್ಟಿಯ ಉಗುರಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು. ಎಲ್ಲಿಗೆ ಹೋಗಿದ್ದಿರಿ ಎಂದರೆ "ಪಾರ್ಕಿಗೆ" ಎಂಬ ಒಂದೇ ಉತ್ತರ. ಆದರೆ ಅವಳ ಬೂಟಿನ ಅಡಿಯಲ್ಲಿ ಒಂದು ಹುಲ್ಲೆಸಳೂ ಇಲ್ಲ, ಮಣ್ಣೂ ಇಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಪುಟ್ಟಿಯ ಹೊಸ ಚಾಳಿ. ಕೆರೆಯುವುದು ಅವಳಿಗೆ ಮೊದಲಿನಿಂದಲೂ ಇಷ್ಟ. ನನ್ನ ಕುತ್ತಿಗೆಯ ಮಚ್ಚೆ, ದಿಂಬಿನ ಗುಂಡಿ, ಗೋಡೆಯಲ್ಲಿ ಎದ್ದ ಬಣ್ಣ, ಎಲ್ಲಿ ಏನು ಉಬ್ಬಿದ್ದರೂ ಅವಳ ಪುಟ್ಟ ಉಗುರು ಅಲ್ಲಿಗೆ ಹಾಜರು. ಈಗ ಅವಳು ಊಟದ ಮೇಜಿನ ಮೇಲೆ ಅಂಗೈಯಾಡಿಸುತ್ತಿದ್ದಳು, ಬಟ್ಟೆಗೆ ಇಸ್ತ್ರಿ ಹಾಕುವವರ ಹಾಗೆ, ಮೆಲ್ಲಗೆ. ಒಂದು ಕಡೆ ನಿಂತು, ಉಗುರಿನಿಂದ ಕೆರೆದು, ತಲೆಯೆತ್ತಿ ನನ್ನ ಮುಖ ನೋಡಿ ಬಾಯಿ ತೆರೆದಳು. ಏನನ್ನೋ ಕಾಯುತ್ತಿದ್ದಳು. ನಾನು ಅನ್ನದ ತುತ್ತು ಇಟ್ಟರೆ ಉಗುಳಿದಳು.

ಮಾವ ಗೋಡೆಯ ಕಡೆ ನೋಡುತ್ತಾ ಊಟ ಮಾಡುತ್ತಿದ್ದರು. ಆ ಗೋಡೆಯ ಮೇಲೆ ಕ್ಯಾಲೆಂಡರ್ ಕೂಡ ಇರಲಿಲ್ಲ.

ಮಾವನ ಬಗ್ಗೆ ಇಷ್ಟು ಹೇಳಿದ ಮೇಲೆ ಅವರ ಹಿಂದಿನದನ್ನೂ ಹೇಳಬೇಕು. ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಗರಗಸಕ್ಕೆ ನೀರು ಸುರಿಯುತ್ತಾ ಕೆಲಸ ಕಲಿತವರು ಅವರು. ಆಮೇಲೆ ಕೈಯಲ್ಲಿ ಹಿಡಿದು ಉಜ್ಜುವ ಯಂತ್ರ ಬಂತು. ಅದನ್ನು ಹಿಡಿದರೆ ಹಲ್ಲಿನ ಬೇರಿನವರೆಗೆ ಅದುರುತ್ತದೆ. ವಯಸ್ಸಿಡೀ ಅದನ್ನು ಹಿಡಿದರು. ಮನೆಗಳ ಕೆಲಸ ಸಾಕಾದಾಗ ದೋಣಿಗಳಿಗೆ ಹೊರಳಿದರು. ಶ್ರೀಮಂತರ ದೊಡ್ಡ ದೋಣಿಗಳಲ್ಲಿ ಊಟದ ಮೇಜು, ಕೈತೊಳೆಯುವ ಬೇಸಿನ್ನಿನ ಸುತ್ತ ಅಮೃತಶಿಲೆ ಹಾಕಿರುತ್ತಾರೆ, ಭಾರ ಆಗಬಾರದೆಂದು ಬಿಸ್ಕತ್ತಿನಷ್ಟು ತೆಳುವಾಗಿ ಕೊಯ್ದು ಹಲಗೆಗೆ ಅಂಟಿಸಿದ್ದು. "ಮನೆ ಕಲ್ಲು ಕೂತಲ್ಲೇ ಕೂತಿರುತ್ತೆ, ಗಂಡನ ಹಾಗೆ," ಎಂದು ಅತ್ತೆ ಇದ್ದಾಗ ಮಾವ ಹೇಳುತ್ತಿದ್ದರಂತೆ. "ದೋಣಿ ಕಲ್ಲಿಗೆ ನಿದ್ದೆಯಿಲ್ಲ. ಅಲುಗಿ ಅಲುಗಿ ಬಿರುಕು ಬಿಡುತ್ತೆ."

ಬಿರುಕಿಗೆ ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಒಣಗಿದ ಮೇಲೆ ಬ್ಲೇಡಿನಿಂದ ಹೆರೆದು, ನೀರು ಹಾಕಿ, ಒರಟು ಉಪ್ಪುಕಾಗದದಿಂದ ನಯ ಕಾಗದದವರೆಗೆ ಉಜ್ಜುತ್ತಾ ಹೋಗುತ್ತಾರೆ. ಕೊನೆಗೆ ಕಣ್ಣು ಮುಚ್ಚಿ ಉಗುರೆಳೆದು ನೋಡುತ್ತಾರೆ. ತುಂಬಿದ ಜಾಗಕ್ಕೂ ಕಲ್ಲಿಗೂ ನಡುವೆ ಉಗುರು ನಿಲ್ಲಬಾರದು. ಕಣ್ಣಿಗೆ ಮೋಸ ಮಾಡಬಹುದು, ಉಗುರಿಗೆ ಆಗುವುದಿಲ್ಲ ಎನ್ನುವುದು ಮಾವನ ಹೆಮ್ಮೆಯ ಮಾತು. ಆ ಮಾತು ಇತ್ತೀಚೆಗೆ ಅವರ ಬಾಯಲ್ಲಿ ಕೇಳಿಸಿರಲಿಲ್ಲ. ಅದೊಂದನ್ನು ನಾನು ಗಮನಿಸಿರಲಿಲ್ಲ.

ಆ ಶುಕ್ರವಾರ ಆಫೀಸಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಕಳಿಸಿದರು. ಬಂದು ನೋಡಿದರೆ ಬಾಗಿಲಿಗೆ ಬೀಗ. ಮಾವನಿಗೆ ಫೋನ್ ಮಾಡಿದೆ. ಅದು ಒಳಗೇ ರಿಂಗಾಗುತ್ತಿತ್ತು. ಪಾರ್ಕಿಗೆ ಓಡಿದೆ. ಉಯ್ಯಾಲೆಗಳು ಖಾಲಿ. ತೋಟದವನು "ಅಂಥ ಅಜ್ಜ ಯಾರೂ ಇಲ್ಲಿಗೆ ಬರೋದೇ ಇಲ್ಲ" ಎಂದ. ಇನ್ನು ಉಳಿದದ್ದು ಒಂದೇ ಜಾಗ, ಮಾವ ಕೆಲಸಕ್ಕೆ ಹೋಗುವ, ನೀರಿನ ಪಕ್ಕದ ದೋಣಿ ರಿಪೇರಿ ಯಾರ್ಡು.

ಗೇಟಿನಲ್ಲಿ ಕಾವಲುಗಾರ ತಡೆದ.

"ಮಾರ್ಬಲ್ ಕೆಲಸದವರು..." ಎಂದೆ, ಉಸಿರು ಸಾಲದೆ.

"ಓ, ಮೇಸ್ತ್ರಿನಾ? ಒಳಗಿದ್ದಾರೆ. ಸೂಪರ್‌ವೈಸರ್ ಮೇಡಂ ಜೊತೆ."

"ಯಾವ ಮೇಡಂ?"

"ದಿನಾ ಬರ್ತಾರಲ್ಲ. ಬಹಳ ಸ್ಟ್ರಿಕ್ಟು. ಕೆಲಸ ಹಿಡಿಸ್ಲಿಲ್ಲ ಅಂದ್ರೆ ಯಾರ್ಡೆಲ್ಲ ಕೇಳೋ ಹಾಗೆ ಕಿರುಚ್ತಾರೆ."

ಕುಡಿತದ ಜೊತೆಗೆ ಈಗ ಒಬ್ಬ ಮೇಡಂ! ಹಾಗಾದರೆ ನನ್ನ ಮಗಳೆಲ್ಲಿ? ಅವನು ಮುಂದೆ ಏನೋ ಹೇಳುತ್ತಿದ್ದ, ನಾನು ನಿಲ್ಲಲಿಲ್ಲ. ಬಿಳಿ ದೋಣಿಯೊಂದಕ್ಕೆ ದಡದಿಂದ ಹಲಗೆ ಹಾಕಿದ್ದರು, ಎರಡೂ ಕಡೆ ಕಂಬಿ. ಕೆಳಗೆ ನೀರು ಕಪ್ಪಗೆ ಅಲುಗುತ್ತಿತ್ತು. ಇದರ ಮೇಲೆ ನನ್ನ ಮಗುವನ್ನು ದಾಟಿಸಿದರೇ ಎಂದುಕೊಳ್ಳುತ್ತಲೇ ದಾಟಿ, ಕೋಣೆಯ ಕಿಟಕಿಯಿಂದ ಇಣುಕಿದೆ.

ಪುಟ್ಟಿ ಊಟದ ಮೇಜಿನ ಕಲ್ಲಿನ ಮೇಲೆ, ಮಡಚಿದ ಟವೆಲ್ಲಿನ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು. ಮಾವನ ಎಡತೋಳು ಅವಳ ಸೊಂಟವನ್ನು ಬಳಸಿತ್ತು. ಅವಳು ಅಂಗೈಯನ್ನು ಕಲ್ಲಿನ ಮೇಲೆ ಮೆಲ್ಲಗೆ ಆಡಿಸಿದಳು. ಒಂದು ಕಡೆ ನಿಂತಳು. ಕೆರೆದಳು. ಮಾವ ಅಲ್ಲಿ ಪೆನ್ಸಿಲಿನಿಂದ ಸಣ್ಣ ಸುತ್ತು ಹಾಕಿ, ಡಬ್ಬಿಯಿಂದ ಒಣದ್ರಾಕ್ಷಿಯೊಂದನ್ನು ತೆಗೆದು, ಅರ್ಧ ಕಚ್ಚಿ, ಉಳಿದರ್ಧವನ್ನು ಅವಳ ಬಾಯಿಗಿಟ್ಟರು.

ನಾನು ಬಾಗಿಲು ತಳ್ಳಿದ ಸದ್ದಿಗೆ ಇಬ್ಬರೂ ಬೆಚ್ಚಿದರು. ಪುಟ್ಟಿಯನ್ನು ಎತ್ತಿಕೊಂಡು ಅವಳ ಬಾಯಿ, ಕಣ್ಣು, ಕೈ ಎಲ್ಲ ನೋಡಿದೆ. ಅವಳು ಡಬ್ಬಿಯ ಕಡೆ ಕೈ ಚಾಚಿ ಕಿರುಚಿದಳು. ಯಾರ್ಡೆಲ್ಲ ಕೇಳಿಸಿರಬೇಕು.

"ಏನಿದು ಮಾವ? ಪಾರ್ಕು ಅಂತ ಹೇಳಿ ಇಲ್ಲಿಗೆ ಕರ್ಕೊಂಡು ಬರ್ತೀರಾ? ಈ ಪುಡಿ, ಈ ವಾಸನೆ..."

"ಅಂಟು ಕಲಸುವಾಗ ಅವಳು ಒಳಗಿರಲ್ಲ. ಗೇಟಿನವನ ಹತ್ರ ಕೂತಿರ್ತಾಳೆ. ಪುಡಿ ಹಾರಬಾರದು ಅಂತ ನೀರು ಹಾಕೇ ಉಜ್ಜೋದು."

"ಹಲಗೆ?"

"ಬೆನ್ನಿಗೆ ಕಟ್ಕೊಂಡು ದಾಟ್ತೀನಿ."

"ಕಚ್ಚಿದ್ದು ಯಾಕೆ ಕೊಡ್ತೀರಾ?"

"ಇಡೀದು ಗಂಟಲಿಗೆ ಸಿಕ್ಕಿದ್ರೆ?"

ಎಲ್ಲದಕ್ಕೂ ಉತ್ತರವಿತ್ತು. ಎಲ್ಲದಕ್ಕೂ ಉತ್ತರವಿರುವವರನ್ನು ನಂಬಬೇಡ ಎಂದು ಕಲಿಸಿದವರೇ ಅವರು. "ಉಗುರೆಳೆಯೋದು ನಿಮ್ಮ ಕೆಲಸ," ಎಂದೆ. "ಅವಳ ಕೈಲಿ ಯಾಕೆ ಮಾಡಿಸ್ತಿದ್ದೀರಾ?"

ಮಾವ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು, ಶರಬತ್ತಿನ ದಿನ ಮಗ ಕೈ ಅಡಗಿಸಿದ ಹಾಗೆ. ಜಾರಿದ ಲೋಟಗಳು, ಬಿಸಿ ಪಾತ್ರೆ, ಒಂದೊಂದೇ ನನ್ನ ತಲೆಯಲ್ಲಿ ಸಾಲಾಗಿ ನಿಂತವು.

"ಕೈ ಚಾಚಿ. ಕಣ್ಣು ಮುಚ್ಚಿ."

"ನನ್ನನ್ನೇ ವಿಚಾರಣೆ ಮಾಡ್ತೀಯಾ?"

"ಹೌದು."

ಮುಚ್ಚಿದರು. ನಾನು ಡಬ್ಬಿಯಿಂದ ಒಂದು ದ್ರಾಕ್ಷಿ ತೆಗೆದು ಅವರ ತೋರುಬೆರಳಿನ ತುದಿಯ ಮೇಲಿಟ್ಟೆ. ಅದು ಕಂದಗೆ, ಸುಕ್ಕುಸುಕ್ಕಾಗಿ ಅಲ್ಲಿ ಕೂತಿತು.

"ಏನಿದೆ ಹೇಳಿ."

"ಮೊದಲು ಇಡು," ಎಂದರು ಮಾವ.

"ಇಟ್ಟಿದ್ದೀನಿ ಮಾವ."

ಅವರು ಕಣ್ಣು ತೆರೆದು ಬೆರಳನ್ನು ನೋಡಿದರು. ದೋಣಿ ದಡಕ್ಕೆ ಮೆತ್ತಗೆ ಮೈ ತಾಗಿಸುತ್ತಿತ್ತು. ಪುಟ್ಟಿ ಬಗ್ಗಿ ಆ ದ್ರಾಕ್ಷಿಯನ್ನು ಎತ್ತಿಕೊಂಡಳು. ನಾನು ಅದನ್ನು ಕಸಿದು ಅರ್ಧ ಕಚ್ಚಿ ಕೊಟ್ಟೆ.

"ಯಂತ್ರ ತಿಂದುಹಾಕ್ತು," ಎಂದರು. "ಮೊದಲು ತುದಿ ಜುಮ್ ಅಂತಿತ್ತು. ಈಗ ಅದೂ ಇಲ್ಲ."

"ಇಲ್ಲಿ ಬೇರೆ ಕೆಲಸದವರಿದ್ದಾರಲ್ಲ. ಅವರ ಕೈಲಿ ನೋಡಿಸಬಹುದಿತ್ತು."

"ಅವರು ಸಂಜೆಯೊಳಗೆ ಮ್ಯಾನೇಜರಿಗೆ ಸುದ್ದಿ ಮುಟ್ಟಿಸ್ತಾರೆ. ಬೆರಳು ಸತ್ತವನಿಗೆ ಯಾರು ಕೆಲಸ ಕೊಡ್ತಾರೆ? ನಿಮಗೆ ಹೇಳಿದ್ರೆ ಮಗುವನ್ನ ಬಿಡ್ತಿರಲಿಲ್ಲ." ಪುಟ್ಟಿಯ ಕಡೆ ನೋಡಿದರು. "ಇವಳು ಯಾರಿಗೂ ಹೇಳಲ್ಲ."

ಮಗುವನ್ನು ಬಿಡುತ್ತಿರಲಿಲ್ಲ, ನಿಜ. ಅದೇ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ದಿನವೂ ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದವರು ಇವರೇ.

"ಸ್ನಾನದ ನೀರು? ಬಿಸಿ ಹೇಗೆ ಗೊತ್ತಾಗುತ್ತೆ ನಿಮಗೆ?"

"ಮೊಣಕೈ," ಎಂದು ಬಲ ತೋಳನ್ನು ತೋರಿಸಿದರು. "ಅದು ಇನ್ನೂ ನಂದೇ."

ಇವತ್ತಿನ ಸ್ನಾನ ಇನ್ನೂ ಆಗಿರಲಿಲ್ಲ, ಬಟ್ಟೆ ಒಣಗಿತ್ತು. ದಿನವೂ ಒದ್ದೆಯಾಗಿರುತ್ತಿದ್ದ ಅದೇ ಜಾಗ.

ಆ ಹೊತ್ತಿಗೆ ನನ್ನ ಸಿಟ್ಟು ಇಳಿಯಿತೆಂದು ಹೇಳಲಾರೆ. ಪುಟ್ಟಿ ಇನ್ನು ಈ ಗೇಟಿನೊಳಗೆ ಕಾಲಿಡಕೂಡದು, ಇವತ್ತೇ ಮಗನಿಗೆ ನಿಜ ಹೇಳಬೇಕು, ಸೋಮವಾರ ಡಾಕ್ಟರ ಹತ್ತಿರ ಹೋಗಬೇಕು ಎಂದೆ. ಮಾವ ಪ್ರತಿಯೊಂದಕ್ಕೂ "ಆಯ್ತು" ಎಂದರು. ಅಷ್ಟು ಬೇಗ ಒಪ್ಪಿದ್ದು ನನಗೆ ಮತ್ತೆ ಅನುಮಾನ ತಂದಿತು.

"ಈ ಕಲ್ಲು?" ಎಂದೆ.

"ನಾಳೆ ಮ್ಯಾನೇಜರ್ ಬರ್ತಾನೆ. ಅವನಿಗೆ ಕಲ್ಲು ನೋಡೋ ಕಣ್ಣಿಲ್ಲ, ಉಗುರಿದೆ. ಬೇಸಿನ್ ಪಕ್ಕದ ಭಾಗ ಉಳಿದಿದೆ. ಇವಳಿಗೆ ಇವತ್ತು ಹೊಟ್ಟೆ ತುಂಬಿತು, ಇನ್ನು ಮಾಡಲ್ಲ."

ಪುಟ್ಟಿ ನನ್ನ ಹೆಗಲ ಮೇಲೆ ಕಣ್ಣು ಮುಚ್ಚುತ್ತಿದ್ದಳು. ನಾನು ಅವಳನ್ನು ಒಂದು ತೋಳಿಗೆ ಹಾಕಿಕೊಂಡು, ಇನ್ನೊಂದು ಕೈಯ ಉಗುರನ್ನು ಬೇಸಿನ್ನಿನ ಪಕ್ಕದ ಕಲ್ಲಿನ ಮೇಲೆ ಎಳೆದೆ. ತಣ್ಣಗೆ, ನುಣ್ಣಗೆ ಹೋಯಿತು. ಮತ್ತೊಮ್ಮೆ ಎಳೆದೆ. ಸಣ್ಣಗೆ ಏನೋ ತಡೆಯಿತು.

"ಇಲ್ಲಿ."

"ಅಲ್ಲಿರಲ್ಲ. ಅಲ್ಲಿ ಬೆಳಗ್ಗೆನೇ ನಯ ಕಾಗದ ಹಾಕಿದ್ದೀನಿ."

"ಉಗುರು ನಿಲ್ತಿದೆ ಮಾವ."

"ನನ್ನ ಮೇಲಿನ ಸಿಟ್ಟಿಗೆ ಹೇಳ್ತಿಲ್ಲ ತಾನೇ?"

"ಸಿಟ್ಟಿದೆ. ಉಗುರೂ ನಿಲ್ತಿದೆ."

ಅವರು ಕಲ್ಲಿನ ಮಟ್ಟಕ್ಕೆ ಬಗ್ಗಿ, ಬೆಳಕಿಗೆ ಎದುರಾಗಿ ಎಷ್ಟೋ ಹೊತ್ತು ನೋಡಿದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಸುತ್ತು ಹಾಕಿದರು. ಒದ್ದೆ ಕಾಗದ ಹಿಡಿದು ಉಜ್ಜತೊಡಗಿದರು. ಮತ್ತೆ ಕೇಳಿದರು, ಮತ್ತೆ ಎಳೆದೆ, ಮತ್ತೆ ಉಜ್ಜಿದರು. ಕೊನೆಗೊಮ್ಮೆ ಅದು ನಿಲ್ಲದೆ ಜಾರಿತು. ನಾನು ಮೂರು ಸಲ ಎಳೆದು ನೋಡಿದ ಮೇಲೇ ಒಪ್ಪಿದ್ದು.

ಮನೆಗೆ ಬಂದ ಮೇಲೆ ಗಂಡನಿಗೆ ಮಾವನೇ ಹೇಳಿದರು, ನಾನು ಪಕ್ಕದಲ್ಲಿ ನಿಂತು ಏನಾದರೂ ಬಿಟ್ಟುಹೋಗುತ್ತದೋ ಎಂದು ಕಾದೆ. ಏನೂ ಬಿಡಲಿಲ್ಲ. ಗಂಡ ಅಪ್ಪನ ಬೆರಳುಗಳನ್ನು ಹಿಡಿದು ಒಂದೊಂದಾಗಿ ಒತ್ತಿ, "ಇದು? ಇದು?" ಎಂದು ಕೇಳುತ್ತಾ ಕೂತ.

ಪುಟ್ಟಿಗೆ ಮೈಯೆಲ್ಲ ಅಂಟಾಗಿತ್ತು, ಸ್ನಾನ ಮಾಡಿಸಬೇಕಿತ್ತು. ಮಾವ ಎದ್ದು ನಿಂತು ನನ್ನ ಮುಖ ನೋಡಿದರು. ಬೀದಿಯ ಕೊನೆಯ, ಮಕ್ಕಳನ್ನು ನೋಡಿಕೊಳ್ಳುವ ಆ ಮನೆಯವರ ನಂಬರು ನನ್ನ ಫೋನಿನಲ್ಲಿತ್ತು, ಫೋನು ಕೈಯಲ್ಲಿತ್ತು. ನಾನು ಅದನ್ನು ಮೇಜಿನ ಮೇಲಿಟ್ಟು ಟವೆಲ್ ತಂದುಕೊಟ್ಟೆ.

ಮಾವ ಸ್ನಾನದ ಮನೆಯ ಬಾಗಿಲನ್ನು ಮುಚ್ಚಲಿಲ್ಲ. ಬಕೆಟ್ಟಿನಲ್ಲಿ ಮೊಣಕೈ ಅದ್ದಿ, ತಣ್ಣೀರಿನ ನಲ್ಲಿ ತಿರುಗಿಸಿ, ಮತ್ತೆ ಅದ್ದಿದರು. ನಾನು ಹಿಂದಿನಿಂದ ಬಂದು ಅವರ ಭುಜದ ಪಕ್ಕದಲ್ಲಿ ಬಗ್ಗಿ ನೀರಿಗೆ ಕೈ ಹಾಕಿದೆ.

"ಸರಿ ಇದ್ಯಾ?" ಎಂದರು, ತಿರುಗದೆ.

"ಇದೆ."

"ಇನ್ನೊಂದ್ಸಲ ನೋಡು," ಎಂದರು ಮಾವ. ನೋಡಿದೆ. ಆಮೇಲೆ ಅವರು ಮೊದಲ ಚೊಂಬು ನೀರು ಹುಯ್ದರು.