ಆರಡಿ ಓಣಿಯವರೆಗೆ

ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿದಾಗ ಎದುರು ಸೀಟಿನವರು, ತಿಪಟೂರಿನಲ್ಲಿ ನೆಂಟರಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ನನ್ನದೇ ಒಂದು ತಪ್ಪನ್ನು ನೋಡಿ ಬರಲು ಹೊರಟಿದ್ದೇನೆ ಎಂದು ಹೇಗೆ ಹೇಳುವುದು? ಹೆಂಡತಿ ತೀರಿಕೊಂಡ ಮೇಲೆ ನನ್ನ ಮಾತು ಹೀಗೆ ಒಂದೊಂದೇ ಪದಕ್ಕೆ ಇಳಿದಿದೆ. ಅಮ್ಮಸಂದ್ರ ದಾಟಿದ ಮೇಲೆ ಕಿಟಕಿಯಲ್ಲಿ ತೆಂಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೋಡ ಮುಸುಕಿತ್ತು, ಮಳೆ ಬರಲಿಲ್ಲ.

ಸುಮಾರು ಮೂವತ್ತು ವರ್ಷದ ಹಿಂದೆ ನಾನು ಒಬ್ಬ ಖಾಸಗಿ ಎಂಜಿನಿಯರರ ಬಳಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಹಾಲ್ಕುರಿಕೆ ರಸ್ತೆಯ ತೆಂಗಿನ ತೋಟವೊಂದು ಬಡಾವಣೆಯಾದಾಗ ಅದರ ನಕ್ಷೆ ಬರೆದವನು ನಾನು. ಅಳತೆಯವರು ಕಳಿಸಿದ ಚಿತ್ರದಲ್ಲಿ ತೋಟದ ನಡುವೆ ಒಂದು ಚುಕ್ಕಿಗೆರೆಯಿತ್ತು. ಬದು ಇರಬೇಕೆಂದು ಅಳಿಸಿಬಿಟ್ಟೆ. ಅದು ಬಂಡಿದಾರಿ ಎಂದು ಗೊತ್ತಾಗುವಷ್ಟರಲ್ಲಿ ಸೈಟುಗಳು ಮಾರಾಟವಾಗಿದ್ದವು. ಹಿಂದಿನ ಸಾಲಿನ ಮನೆಯವರು ಬಡಾವಣೆ ಪೂರ್ತಿ ಸುತ್ತಿಯೇ ರಸ್ತೆಗೆ ಬರಬೇಕಾಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಒಮ್ಮೆ ಹೋಗಿ ಅವರೆದುರು ತಪ್ಪೊಪ್ಪಿಕೊಳ್ಳಬೇಕು ಎಂಬ ಆಸೆ ಈಚೆಗೆ ಬಲವಾಗಿತ್ತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಿದ್ದಾಗ ಮನಸ್ಸು ಇಂಥವನ್ನೇ ಕೆದಕುತ್ತದೆ.

ಸ್ಟೇಷನ್ ಎದುರು ಎರಡು ಇಡ್ಲಿ ತಿಂದು ಆಟೋ ಹಿಡಿದೆ. ಬಡಾವಣೆಯ ಹೆಸರು ಹೇಳಿದರೆ ಆಟೋದವರಿಗೆ ತಿಳಿಯಲಿಲ್ಲ. ಗುರುತು ಹೇಳಿದ ಮೇಲೆ, “ಆರಡಿ ಓಣಿ ತಾವಾ? ಹಂಗನ್ನಿ ಮತ್ತೆ!” ಎಂದರು. ಅಂಥ ಓಣಿ ನನ್ನ ನಕ್ಷೆಯಲ್ಲಿರಲಿಲ್ಲ.

ಓಣಿ ಇತ್ತು. ನಾನು ದಾರಿ ಬಿಡದ ಜಾಗದಲ್ಲೇ, ಎರಡು ಮನೆಗಳ ಕಾಂಪೌಂಡ್ ನಡುವೆ. ನೆಲಕ್ಕೆ ಹಾಸಿದ ಕಲ್ಲುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಬಟ್ಟೆ ಒಗೆಯುವ ಕಲ್ಲು, ಹಳೆಯ ಹೊಸ್ತಿಲು, ಮೂಲೆ ಮುರಿದ ಕಡಪ. ಜಗಲಿಯಲ್ಲಿ ಕೂತು ಕೊಬ್ಬರಿ ಒರೆಸುತ್ತಿದ್ದ ಗೌರಮ್ಮ ಎಂಬ ಹಿರಿಯ ಹೆಂಗಸು, “ಯಾರ ಮನೆ ಬೇಕಿತ್ರೀ?” ಎಂದರು. ಓಣಿ ನೋಡಲು ಬಂದೆ ಎಂದೆ.

“ನೋಡಿ ನೋಡಿ. ಯಾವನೋ ಪುಣ್ಯಾತ್ಮ ನಕ್ಷೆ ಬರೆಯೋವಾಗ ತೂಕಡಿಸ್ಬುಟ್ಟವ್ನೆ ಕಣ್ರೀ. ಹಿಂದಿನ ಸಾಲ್ನೋರು ನೀರಿನ ಕೊಡ ಹೊತ್ಕಂಡು ಸುತ್ತಿ ಸುತ್ತಿ ಸಾಯೋರು. ನೋಡೋಕಾಗ್ಲಿಲ್ಲ. ನಾವು ಮೂರಡಿ, ಪಕ್ಕದ ರುದ್ರಣ್ಣ ಮೂರಡಿ, ಕಾಂಪೌಂಡ್ ಒಡ್ದು ಜಾಗ ಬುಟ್ವಿ. ಹಿಂದಿನ ಸಾಲ್ನೋರು ಮನೆಗೊಂದು ಕಲ್ಲು ತಂದಾಕಿದ್ರು.”

“ಆ ಪುಣ್ಯಾತ್ಮ ನಾನೇ ಕಣಮ್ಮ” ಎಂದೆ.

ಬೈಗುಳಕ್ಕೆ ಸಿದ್ಧನಾಗಿಯೇ ಬಂದಿದ್ದೆ. ಅದಾದರೂ ನನಗೆಂದೇ ಆಡಿದ ಮಾತಾಗಿರುತ್ತಿತ್ತು. ಗೌರಮ್ಮ ಕೊಬ್ಬರಿ ಕೆಳಗಿಟ್ಟು ನನ್ನನ್ನೇ ನೋಡಿ, ನಕ್ಕುಬಿಟ್ಟರು. “ರುದ್ರಣ್ಣಾ, ಬಾ ಇಲ್ಲಿ! ನಕ್ಷೆ ಬರ್ದೋರು ಬಂದವ್ರೆ!”

ಓಣಿ ದಾಟಿ ಬಂದ ರುದ್ರಣ್ಣ ನನ್ನನ್ನು ಮೇಲಿಂದ ಕೆಳಗೆ ಅಳೆದರು. “ಕೈಗೆ ಸಿಕ್ಕಿದ್ರೆ ಎರಡು ಬಾರಿಸ್ಬೇಕು ಅಂತಿದ್ದೆ ಸಾರ್. ಈಗ ಬುಡಿ. ನೀವು ಗೆರೆ ಸರಿಯಾಗಿ ಎಳ್ದಿದ್ರೆ ಗೌರಕ್ಕ ಯಾರೋ, ನಾನ್ಯಾರೋ.”

ಊಟ ಮಾಡದೆ ಬಿಡಲಿಲ್ಲ. ಮುದ್ದೆ, ಹುರುಳಿ ಸಾರು. ಒಬ್ಬನೇ ಇರುತ್ತೇನೆ ಎಂದು ಬಾಯಿತಪ್ಪಿ ಹೇಳಿದ್ದೆ. ಗೌರಮ್ಮ ಅದನ್ನೇ ಹಿಡಿದುಕೊಂಡರು. “ಸಂಜೆ ರೈಲಿಗೆ ಹೋಗಿ. ಪಕ್ಕದ ಮನೆಯೋರಿಗೆ ಫೋನ್ ಮಾಡ್ಬುಡಿ, ಗೇಟಿನ ದೀಪ ಹಾಕಿರ್ಲಿ.”

ನಾನಿರುವ ಬಡಾವಣೆಯ ನಕ್ಷೆಯನ್ನೂ ನಾನೇ ಬರೆದದ್ದು. ಅದರಲ್ಲಿ ಒಂದು ಗೆರೆಯೂ ತಪ್ಪಿಲ್ಲ. ಪಕ್ಕದ ಮನೆಯವರು ಬಂದು ನಾಲ್ಕು ವರ್ಷವಾಯಿತು. ಅವರ ಹೆಸರು ನನಗೆ ಗೊತ್ತಿಲ್ಲ. ಹಾಗೆಂದು ಹೇಳಲು ನಾಚಿಕೆಯಾಗಿ, ಯಾರಿಗೂ ಕರೆ ಮಾಡದ ಮೊಬೈಲನ್ನು ಕಿವಿಗೆ ಹಿಡಿದು “ಬರೋದು ತಡವಾಗುತ್ತೆ, ದೀಪ ಹಾಕಿಬಿಡಿ” ಎಂದೆ. ಗೌರಮ್ಮ ಸಮಾಧಾನದಿಂದ ಇನ್ನೊಂದು ಸೌಟು ಸಾರು ಬಡಿಸಿದರು.

ತುಮಕೂರಿನಲ್ಲಿ ಇಳಿದಾಗ ಕತ್ತಲಾಗಿತ್ತು. ನನ್ನ ಗೇಟಿನಲ್ಲಿ ಬೆಳಕಿರಲಿಲ್ಲ. ಬೀಗ ತೆಗೆಯುವ ಮೊದಲು ಪಕ್ಕದ ಮನೆಯ ಮುಂದೆ ನಿಂತು, ಮೊಬೈಲಿನ ಬೆಳಕಿನಲ್ಲಿ ಅವರ ಹೆಸರಿನ ಫಲಕ ಓದಿಕೊಂಡೆ.