ಏಳನೆಯ ಬಡಿತ

ಬೆಳಕು ಹರಿಯುವ ಮೊದಲು ಜೋಯಿಸರ ಸೊಸೆ ಮುಗಿಸಬೇಕಾದದ್ದು ಇಷ್ಟು: ನಲ್ಲಿಯಲ್ಲಿ ನೀರು ಬರುವ ಅರ್ಧ ಗಂಟೆಯೊಳಗೆ ಎರಡು ತೊಟ್ಟಿ ತುಂಬಿಸುವುದು, ಹಿಂದಿನ ದಿನದ ಪಾತ್ರೆಗಳನ್ನು ಸದ್ದಾಗದಂತೆ ತೊಳೆಯುವುದು, ಗಂಡನ ಅಂಗಿಗೆ ಇಸ್ತ್ರಿ, ಕೆಲಸಕ್ಕೆ ಹೋಗುವ ಮಗನಿಗೆ ಊಟದ ಡಬ್ಬಿ, ಮಾವನ ಕಣ್ಣಿಗೆ ಮದ್ದು, ಅಂದು ಬರುವವರ ಜಾತಕಗಳಿಗೆ ಹನ್ನೆರಡು ಮನೆ ಗೀಚಿ, ಗ್ರಹಗಳನ್ನು ಕೂರಿಸಿ, ಯಾವ ಗ್ರಹ ಯಾವುದರ ಜೊತೆ ಕೂಡಿದೆ ಎಂದು ಸುತ್ತು ಹಾಕುವುದು. ಈ ಕೊನೆಯದನ್ನು ಆ ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸಿರಲಿಲ್ಲ. ಅವಳೂ.

ಜೋಯಿಸರಿಗೆ ಐವತ್ತಕ್ಕೇ ಕಣ್ಣು ಹೋಗಿತ್ತು. ಅವರ ಅಪ್ಪನಿಗೂ ಹಾಗೆಯೇ. ಬೀದಿಗೆ ಇದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಜಾತಕ ಹೇಳುವಷ್ಟು ದೊಡ್ಡವರು ಎಂದು ನಂಬಿತ್ತು. ಮುಂದಿನ ಕೋಣೆಯಲ್ಲಿ ಅವರು ಹಾಳೆಯ ಮೇಲೆ ಬೆರಳಾಡಿಸುತ್ತ ಕೂತರೆ, ಒಳಬಾಗಿಲ ಹಿಂದೆ ಸೊಸೆ ಇನ್ನೊಂದು ಪ್ರತಿ ಹಿಡಿದು ನಿಲ್ಲುತ್ತಿದ್ದಳು. ಚಂದ್ರ ಎಷ್ಟನೇ ಮನೆಯಲ್ಲೋ, ಚೌಕಟ್ಟಿಗೆ ಅಷ್ಟು ಸಲ ಬಳೆಯ ಬಡಿತ. ಅವನ ಜೊತೆ ಶನಿ ಕೂಡಿದ್ದರೆ ಕೊನೆಗೊಂದು ಗೀರು. ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು ಬಂದವರು. ಅದೇನೂ ಸುಳ್ಳಲ್ಲ.

ಮದುವೆಯಾಗಿ ಬಂದ ದಿನವೇ ಆ ಚೌಕಟ್ಟಿನಲ್ಲಿ, ಹೆಂಗಸಿನ ಮಣಿಕಟ್ಟಿನ ಎತ್ತರಕ್ಕೆ, ಅವಳೊಂದು ಕುಳಿ ಕಂಡಿದ್ದಳು. ಇಲಿ ಕಡಿದದ್ದಿರಬೇಕು ಎಂದುಕೊಂಡಿದ್ದಳು. ವಾರ ಕಳೆದ ಮೇಲೆ ಅತ್ತೆ ಅವಳ ಕೈ ಹಿಡಿದು ಅಲ್ಲಿಟ್ಟರು. ಬಳೆ ಆ ಕುಳಿಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮಾರನೆಯ ದಿನದಿಂದ ಅತ್ತೆ ಬೆಳಗಿನ ಜಾವ ಎದ್ದದ್ದಿಲ್ಲ. ಈಗ ಅವರು ತೀರಿಕೊಂಡು ಹತ್ತು ವರ್ಷ, ಸೊಸೆಗೆ ನಲವತ್ತೊಂಬತ್ತು.

ಅಂದು ಹತ್ತು ಗಂಟೆಗೆ ದರ್ಜಿ ಹೆಂಗಸು ಮಗಳನ್ನು ಕರೆದುಕೊಂಡು ಬರುವವಳಿದ್ದಳು. ಹುಟ್ಟಿದ ಹೊತ್ತನ್ನು ಚೀಟಿಯಲ್ಲಿ ಮೊದಲೇ ಕಳಿಸಿದ್ದಳು: ಗುರುವಾರ, ಬೆಳಗಿನ ಜಾವ ನಾಲ್ಕೂವರೆ.

"ದರ್ಜಿಯವಳ ಮಗಳದು ಹಾಕಿದೆಯಾ?" ಕತ್ತಲ ಕೋಣೆಯಿಂದ ಮಾವನ ದನಿ ಬಂತು. ಕಣ್ಣಿನ ಮದ್ದು ಹಿಡಿದು ಬಂದ ಅವಳಿನ್ನೂ ಆ ಕೋಣೆಯ ಹೊಸ್ತಿಲನ್ನೇ ದಾಟಿರಲಿಲ್ಲ.

"ಈಗ ಹಾಕ್ತೀನಿ ಮಾವ."

"ಚಂದ್ರ, ಶನಿ ಇಬ್ಬರೂ ಏಳರಲ್ಲಿ ಕೂಡಿರ್ತಾರೆ, ನೋಡು. ಬೇರೆ ಕಡೆ ಕೊಟ್ಟರೆ ಬಾಳೋ ಹುಡುಗಿ ಅಲ್ಲ. ನಮ್ಮ ಮೊಮ್ಮಗನ ಜಾತಕ ಅದನ್ನ ತಡೆಯುತ್ತೆ."

"ನಾನಿನ್ನೂ ಲೆಕ್ಕಾನೇ ಮಾಡಿಲ್ವಲ್ಲ!"

"ಲೆಕ್ಕದಲ್ಲಿ ಜಾಣೆಯಂತೆ. ಅಕ್ಷರಾನೂ ಮುತ್ತಿನ ಹಾಗಂತೆ. ನಿನ್ನ ಕಣ್ಣೂ ಮಂಜಾಗ್ತಿದೆ ಅಲ್ವಾ, ತಾಯಿ?"

ಅದನ್ನವಳು ಗಂಡನಿಗೂ ಹೇಳಿರಲಿಲ್ಲ.

"ಈಚೆಗೆ ಪೆನ್ಸಿಲು ಒತ್ತಿ ಬರೀತೀಯ," ಎಂದರು ಮಾವ. "ಕೇಳಿಸುತ್ತೆ."

ಅಡುಗೆಮನೆಯ ದೀಪದ ಕೆಳಗೆ ಲೆಕ್ಕ ಹಾಕಿದಳು. ಶನಿ ಏಳರಲ್ಲೇ ಇದ್ದ. ಚಂದ್ರ ಇದ್ದದ್ದು ಆರರಲ್ಲಿ. ಕೂಡಿರಲಿಲ್ಲ. ಇನ್ನೊಮ್ಮೆ ಹಾಕಿದಳು, ಆರೇ. ಆದರೆ ಏಳರ ಕೂಟದ ಮಾತು, "ಬೇರೆ ಕಡೆ ಕೊಟ್ಟರೆ ಬಾಳಲ್ಲ" ಎಂಬ ಮಾತು ಎಲ್ಲೋ ಕೇಳಿದಂತಿತ್ತು. ಕೇಳಿದ್ದು ಎಲ್ಲೋ ಅಲ್ಲ, ಇದೇ ಮನೆಯಲ್ಲಿ, ಮೂವತ್ತು ವರ್ಷದ ಕೆಳಗೆ, ತನ್ನ ಅಮ್ಮನ ಪಕ್ಕದಲ್ಲಿ ಕೂತು.

ಟ್ರಂಕಿನ ತಳದಿಂದ ತನ್ನ ಜಾತಕ ತೆಗೆದಳು. ಬೀದಿಯವರದೆಲ್ಲ ಹಾಕಿದವಳು ತನ್ನದನ್ನು ಹಾಕಿ ನೋಡಿರಲಿಲ್ಲ, ಪುರುಸೊತ್ತೆಲ್ಲಿತ್ತು? ಅತ್ತೆಯ ಕೈಬರಹ. ಏಳನೇ ಮನೆಯಲ್ಲಿ ಚಂದ್ರ, ಶನಿ. ಅಂಚಿಗೆ ಅಂಟಿಸಿದ್ದ, ಅಮ್ಮ ಕೊಟ್ಟ ಚೀಟಿ: ಮಂಗಳವಾರ, ಬೆಳಗಿನ ಜಾವ.

ಪಂಚಾಂಗದ ದಿನ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ. ಜಾವದಲ್ಲಿ ಹುಟ್ಟಿದ ಮಗುವಿನ ವಾರ ಹೇಳುವಾಗ ಜನ ನಡುರಾತ್ರಿಗೇ ದಿನ ಬದಲಾಗುವ ಕ್ಯಾಲೆಂಡರು ನೋಡಿ ಹೇಳುತ್ತಾರೆ. ಅದನ್ನು ಪಂಚಾಂಗದ ವಾರವೆಂದು ಹಿಡಿದರೆ ಲೆಕ್ಕ ಒಂದು ದಿನ ಮುಂದಕ್ಕೆ ಜಾರುತ್ತದೆ. ಒಂದು ದಿನದಲ್ಲಿ ಶನಿ ಅಲುಗುವುದೇ ಇಲ್ಲ. ಚಂದ್ರ ಮಾತ್ರ ಪಕ್ಕದ ಮನೆಗೆ ದಾಟಿಬಿಡಬಹುದು. ತನ್ನದನ್ನೂ ಲೆಕ್ಕ ಹಾಕಿದಳು: ಅವಳ ಚಂದ್ರನೂ ನಿಜಕ್ಕೆ ಆರರವನು. ಏಳು ಮದುವೆಯ ಮನೆ, ಆರು ದುಡಿಮೆಯ ಮನೆ. ಅಷ್ಟು ಹೇಳುವುದಕ್ಕೆ ಜಾತಕವೇ ಬೇಕಿರಲಿಲ್ಲ.

ಕೈತಪ್ಪು ಎಂದುಕೊಳ್ಳಬಹುದಿತ್ತು. ಆದರೆ ಹಾಳೆಯನ್ನು ದೀಪಕ್ಕೆ ಹಿಡಿದಾಗ ಆರನೇ ಮನೆಯಲ್ಲಿ ಬರೆದು ಅಳಿಸಿದ ಚಂದ್ರ ಕಂಡ. ಟ್ರಂಕಿನಲ್ಲಿ ಅದರಡಿ ಇದ್ದದ್ದು ಅತ್ತೆಯ ಜಾತಕ, ಅವಳಿಗೆ ಗುರುತಿಲ್ಲದ ಯಾವಳೋ ಬರೆದದ್ದು. ಏಳರಲ್ಲಿ ಚಂದ್ರ, ಶನಿ. ಆರರಲ್ಲಿ ಅಳಿಸಿದ ಗುರುತು. ಶನಿ ಅದೇ ಮನೆಗೆ ಮರಳಲು ಮೂವತ್ತು ವರ್ಷ ಬೇಕು. ಹಾಗೆ ಮರಳಿದಾಗ ಹುಟ್ಟಿದವಳೇ ಪ್ರತಿ ಸಲ ಈ ಮನೆಗೆ ಸೊಸೆಯಾಗಿ ಬಂದಿದ್ದಳು, ಮೊದಲಿದ್ದವಳು ಮಲಗಿ ನಿದ್ದೆ ಮಾಡಿದ್ದಳು.

ಅವಳೂ ನಿದ್ದೆಯನ್ನು ನೆನೆದಳು. ಐದಕ್ಕೆ ಇನ್ನೊಬ್ಬಳು ಎದ್ದು ತೊಟ್ಟಿ ತುಂಬಿಸುವ ಸದ್ದನ್ನು ಹಾಸಿಗೆಯಲ್ಲೇ ಕೇಳುವ ಸುಖ ನೆನೆದಳು. ಅಳಿಸುವ ರಬ್ಬರು ಕೈಗೆ ಹೇಗೆ ಬಂತೋ ತಿಳಿಯಲಿಲ್ಲ. ಕೆಳಗಿಟ್ಟಳು. ಹಿತ್ತಲ ಬಾಗಿಲಿಂದ ನೋಡಿದರೆ ಪಡುವಣದಲ್ಲಿ ಚಂದ್ರ ಮುಳುಗುತ್ತಿದ್ದ, ಅಳಿಸಿದಷ್ಟು ಮಸುಕಾಗಿ.

ಹತ್ತಕ್ಕೆ ಅಮ್ಮ, ಮಗಳು ಬಂದು ಕೂತರು. ಸೊಸೆ ಬಾಗಿಲ ಹಿಂದೆ ನಿಂತಳು.

"ಹುಡುಗಿ ಲೆಕ್ಕದಲ್ಲಿ ಹೇಗೆ?" ಎಂದರು ಜೋಯಿಸರು.

"ನನ್ನನ್ನೇ ಕೇಳಿ, ಇಲ್ಲೇ ಇದೀನಲ್ಲ," ಎಂದಳು ಹುಡುಗಿ. "ಮುಂದಿನ ತಿಂಗಳು ಕಾಲೇಜು ಸೇರ್ತೀನಿ. ಲೆಕ್ಕಾನೇ ಓದೋದು."

"ಊರವರ ಅಂಗಿಗೆಲ್ಲ ಗುಂಡಿ ಹಾಕ್ತೀನಿ, ಇವಳ ಬಾಯಿಗೆ ಹಾಕೋಕಾಗಲ್ಲ ನೋಡಿ," ಎಂದು ನಕ್ಕಳು ದರ್ಜಿ. ಮರುಕ್ಷಣ ದನಿ ಇಳಿಯಿತು. "ನೀವು ಹೇಗೆ ಹೇಳಿದ್ರೆ ಹಾಗೆ. ಕಾಲೇಜು ಬೇಡ ಅಂದ್ರೆ ಬೇಡ. ಒಬ್ಬಳೇ ಮಗಳು, ಅವಳ ಬಾಳು ಹಾಳಾಗಬಾರದು."

"ಚಂದ್ರ ಎಲ್ಲಿದ್ದಾನೋ ನೋಡೋಣ," ಎಂದರು ಜೋಯಿಸರು.

ಒಂದು. ಎರಡು. ಕುಳಿ ಬಳೆಯನ್ನು ಒಳಕ್ಕೆಳೆದುಕೊಳ್ಳುವಂತಿತ್ತು. ಐದು. ಆರು. ಅವಳು ಕೈ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದಳು.

ಆಗ ಚೌಕಟ್ಟಿನಲ್ಲಿ, ಬಳೆಯಿಲ್ಲದ ಆ ಕುಳಿಯಲ್ಲಿ, ಮೆಲ್ಲಗೆ ಏಳನೆಯ ಬಡಿತ ಕೇಳಿಸಿತು. ಹಿಂದೆಯೇ ಮರದುದ್ದಕ್ಕೂ ಒಂದು ಗೀರು.

"ಏಳು," ಎಂದರು ಮಾವ, ಮುಖ ಅರಳಿಸಿ. "ಶನಿಯೂ ಜೊತೆಗಿದ್ದಾನೆ."

ದರ್ಜಿಯ ಉಸಿರು ನಿಂತದ್ದು ಬಾಗಿಲಾಚೆಗೂ ಕೇಳಿಸಿತು. ಸುಮ್ಮನಿದ್ದರಾಯಿತು; ಸುಳ್ಳು ಹೇಳಿದವಳು ತಾನಲ್ಲ. ನಾಳೆಯಿಂದಲೋ ನಾಡಿದ್ದಿನಿಂದಲೋ ನಿದ್ದೆ.

ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವಳು ಆ ಬಾಗಿಲು ತೆರೆದು, ಹಾಳೆ ಹಿಡಿದು ಬಂದವರೆದುರು ನಿಂತಳು.

"ಆರು, ಮಾವ," ಎಂದಳು. "ಇದನ್ನ ಹಾಕಿದವಳು ನಾನು."